ಅಕ್ಷರಕ್ಕೂ ಮುಂಚೆ ಒಂದು ಆಡಿನ ಮರಿ

ನಮ್ಮೂರ ಗ್ರಾಮ ಪಂಚಾಯ್ತಿ ಗ್ರಂಥಾಲಯದಲ್ಲಿ ನಾನು ಮೇಲ್ವಿಚಾರಕಿ. ಊರು ಹಾವೇರಿ ಜಿಲ್ಲೆಯದು, ಸುತ್ತ ಗೋವಿನಜೋಳದ ಹೊಲಗಳು. 2020ರ ನವೆಂಬರ್‌ನಲ್ಲಿ, ಕೊರೊನಾದಿಂದ ಶಾಲೆಗಳು ಮುಚ್ಚಿದ್ದಾಗ, ಸರ್ಕಾರ 'ಓದುವ ಬೆಳಕು' ಎಂಬ ಕಾರ್ಯಕ್ರಮ ಶುರು ಮಾಡಿ ಶಾಲೆ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಆಮೇಲೆ ನಮ್ಮಲ್ಲಿ ಮಕ್ಕಳ ಗದ್ದಲ ಜಾಸ್ತಿಯಾಯಿತು. ಆದರೆ ಅವರ ಬೆನ್ನು ಹತ್ತಿ ಬರುತ್ತಿದ್ದ ಪುಟ್ಟ ತಮ್ಮ, ತಂಗಿಯರು ಬಾಗಿಲ ಹತ್ತಿರ ಸುಮ್ನೆ ಕೂತಿರುತ್ತಿದ್ದರು. ಅವರಿಗೂ ಏನಾದರೂ ಬೇಕಲ್ವಾ? ಅಂಗನವಾಡಿ ಕಾರ್ಯಕರ್ತೆಯ ಜೊತೆ ಮಾತಾಡಿ, ಒಂದು ಶನಿವಾರ ತಾಯಂದಿರನ್ನೂ ಕರೆದೆವು.

ಬಂದವರು ಕೇಳಿದ್ದು ಒಂದೇ. "ಅಕ್ಕಾರ, ಇವಕ್ಕ ಅ ಆ ಇ ಈ ಬರಿಯಾಕ ಕಲಸ್ರಿ." ಪೇಟೆಯ ಮಕ್ಕಳು ಎಲ್‌ಕೆಜಿಯಲ್ಲೇ ಬರೆಯುತ್ತಾರೆ, ನಮ್ಮವರು ಹಿಂದೆ ಬೀಳುತ್ತಾರೆ ಎಂಬ ಭಯ. ಆ ಭಯ ನನಗೆ ಅರ್ಥವಾಗುತ್ತದೆ. ಆದರೂ ಮೂರು ವರ್ಷದ ಕೈಗೆ ಬಳಪ ಕೊಟ್ಟು ತಿದ್ದಿಸುವುದನ್ನು ನಾನು ಒಪ್ಪುವುದಿಲ್ಲ. ಆ ಬೆರಳುಗಳಿಗೆ ಇನ್ನೂ ಹಿಡಿತ ಬಂದಿರುವುದಿಲ್ಲ. ಮೊದಲು ಕಿವಿಗೆ ಮಾತು ಬೀಳಬೇಕು, ಬಾಯಿಂದ ಮಾತು ಬರಬೇಕು.

ಗೋಡೆಗೆ ಒರಗಿ ಕೂತಿದ್ದ ಒಬ್ಬ ಅಜ್ಜಿಯ ತೊಡೆ ಮೇಲೆ ಮೊಮ್ಮಗನಿದ್ದ. ಸೊಸೆ ತೆನೆ ಮುರಿಯಲು ಹೋಗಿದ್ದಳಂತೆ. ಪುಸ್ತಕ ಕೊಡಲು ಹೋದರೆ ಕೈ ಹಿಂದಕ್ಕೆ ತೆಗೆದುಕೊಂಡರು.

"ನನಗ ಓದಾಕ ಬರೂದಿಲ್ಲ, ಯವ್ವಾ."

"ಚಿತ್ರ ನೋಡಾಕ ಬರ್ತೈತಲ್ರಿ ಆಯಿ. ನೋಡಿ ಏನ್ ಅನಸ್ತೈತಿ ಅದನ್ನ ಹೇಳ್ರಿ."

ಸಂತೆಯಲ್ಲಿ ತಪ್ಪಿಸಿಕೊಂಡ ಆಡಿನ ಮರಿಯ ಕಥೆ ಅದು. ಪುಟಕ್ಕೆ ಎರಡೇ ಸಾಲು. ಅಜ್ಜಿ ಆಡು ಸಾಕಿದವರು. ಚಿತ್ರ ನೋಡಿದ ಕೂಡಲೇ, "ಇದಕ್ಕಿನ್ನಾ ಕೋಡ ಮೂಡಿಲ್ಲ ನೋಡು, ಹಾಲ ಕುಡಿಯೂ ಮರಿ" ಎಂದರು. ಪುಟ ತಿರುಗಿಸಿ, "ಇದರ ಅವ್ವ ಎಲ್ಲಿ ಹೋತು?" ಎಂದು ಕೇಳಿದರು. ಹುಡುಗ ಚಿತ್ರದ ಮೂಲೆಯಲ್ಲಿ ಬೆರಳಿಟ್ಟ.

"ಅಲ್ಲೈತಿ. ಚೀಲದ ಹಿಂದ. ಅಳಾಕತ್ತೈತಿ."

"ಯಾಕ ಅಳಾಕತ್ತೈತಿ?"

"ಮರಿ ಕಾಣವಲ್ದು."

ಚಿತ್ರದಲ್ಲಿ ತಾಯಿ ಆಡು ಅಳುತ್ತಿರಲಿಲ್ಲ. ಅದನ್ನು ಸೇರಿಸಿದ್ದು ಹುಡುಗ. ಅಂಗನವಾಡಿಯಲ್ಲಿ ಅವನು ಒಂದು ಮಾತಿಗಿಂತ ಹೆಚ್ಚು ಆಡುವುದಿಲ್ಲ ಎಂದು ಕಾರ್ಯಕರ್ತೆ ನನ್ನ ಕಿವಿಯಲ್ಲಿ ಹೇಳಿದರು.

1988ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷೆ ಮಾಡಿ ಪ್ರಕಟಿಸಿದ್ದರು. ಎರಡು ಗುಂಪಿನ ತಂದೆತಾಯಿ, ಎರಡು-ಮೂರು ವರ್ಷದೊಳಗಿನ ಮಕ್ಕಳು. ಎಲ್ಲರೂ ಮನೆಯಲ್ಲಿ ಚಿತ್ರಪುಸ್ತಕ ಓದುತ್ತಿದ್ದವರೇ. ಒಂದು ಗುಂಪಿಗೆ ಮಾತ್ರ ಹೇಳಿಕೊಟ್ಟರು: ನಡುವೆ ನಿಲ್ಲಿಸಿ, ಪ್ರಶ್ನೆ ಕೇಳಿ, ಮಗು ಹೇಳಿದ್ದಕ್ಕೆ ಇನ್ನೊಂದಿಷ್ಟು ಸೇರಿಸಿ ಹೇಳಿ. ಒಂದೇ ತಿಂಗಳಲ್ಲಿ ಆ ಮಕ್ಕಳ ಮಾತು ಮುಂದೆ ಹೋಗಿತ್ತು. ನಮ್ಮ ಅಜ್ಜಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಅವರು ಹೇಳಿ ಮುಗಿಸಿದ ಮೇಲೆ ನಾನು ಪಕ್ಕದಲ್ಲಿ ಕೂತು, ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದೆ. "ಮರಿ ಅಮ್ಮನನ್ನು ಹುಡುಕುತ್ತಾ ಹೋಯಿತು." ಅಜ್ಜಿ ಇದನ್ನೇ "ಅವ್ವನ್ನ ಹುಡಕ್ಕೋಂತ ಹೋತು" ಎಂದಿದ್ದರು. ನಮ್ಮ ಕಡೆಯ ಎಷ್ಟೋ ಮಕ್ಕಳ ಕಿವಿಗೆ ಪುಸ್ತಕದ ಕನ್ನಡ ಬೀಳುವುದು ಒಂದನೇ ತರಗತಿಯಲ್ಲಿ. ಅಕ್ಷರವೂ ಹೊಸದು, ಮಾತೂ ಹೊಸದು. ಎರಡೂ ಒಟ್ಟಿಗೆ ಮೈಮೇಲೆ ಬಿದ್ದರೆ ಮಗು ಏನು ಮಾಡಬೇಕು? ಇಲ್ಲಿ ಕಥೆ ಮೊದಲೇ ಗೊತ್ತಿದ್ದರಿಂದ ಹುಡುಗನಿಗೆ ಆ ಸಾಲು ಪರಕೀಯ ಅನಿಸಲಿಲ್ಲ. ನನ್ನ ಬೆರಳನ್ನೇ ನೋಡುತ್ತಿದ್ದವನು, "ಇಲ್ಲಿ ಹಂಗ ಬರದೈತೇನು?" ಎಂದ. ಕಪ್ಪು ಗೆರೆಗಳಲ್ಲಿ ಮಾತಿದೆ ಎಂದು ಅವನಿಗೆ ಹೊಳೆದಿತ್ತು. ನನಗೆ ಆಗ ಎಷ್ಟು ಖುಷಿಯಾಯಿತೆಂದು ಹೇಳಲಾರೆ.

ಹುಡುಗ ಮತ್ತೆ ಮತ್ತೆ ಚೀಲದ ಪುಟಕ್ಕೇ ಹೋಗುತ್ತಿದ್ದ. "ಅದನ್ನ ಎಷ್ಟ ಸಲ ನೋಡ್ತಿ" ಎಂದು ಪಕ್ಕದ ತಾಯಿ ಗದರಿದಾಗ, ನೋಡಲಿ ಬಿಡಿ ಎಂದೆ. ಒಂದೇ ಪುಸ್ತಕ ಹತ್ತಾರು ಸಲ ಕೇಳುವುದು ಈ ವಯಸ್ಸಿನ ಮಕ್ಕಳಿಗೆ ಬೇಕು. ಮಾತು ಬಾಯಿಗೆ ಬರುವುದು ಹಾಗೆಯೇ. ಇನ್ನೊಬ್ಬ ತಾಯಿ ಚೆನ್ನಾಗಿ ಓದಬಲ್ಲವರು, ಎಲ್ಲೂ ನಿಲ್ಲದೆ ಕೊನೆಯವರೆಗೂ ಓದಿಬಿಟ್ಟರು. ಅಷ್ಟರಲ್ಲಿ ಮಗಳು ಎದ್ದು ಹೋಗಿದ್ದಳು. ಪುಟಕ್ಕೊಂದು ಪ್ರಶ್ನೆ ಕೇಳಿ ಎಂದೆ. ಮುಂದಿನ ಪುಸ್ತಕಕ್ಕೆ ಅವಳು ಮಡಿಲಿಗೆ ಬಂದಳು.

ಆ ದಿನದಿಂದ ಪುಟ್ಟ ಮಕ್ಕಳ ಪುಸ್ತಕಗಳನ್ನು ತಾಯಿ ಅಥವಾ ಅಜ್ಜಿಯ ಹೆಸರಲ್ಲಿ ಬರೆದು ಮನೆಗೆ ಕಳಿಸುತ್ತಿದ್ದೇನೆ. ಹರಿದು ಬರುತ್ತವೆ, ಟೇಪು ಹಚ್ಚುತ್ತೇನೆ. ಅಪ್ಪಂದಿರು ಇನ್ನೂ ಬಂದಿಲ್ಲ, ಸಂಜೆ ಹೊತ್ತು ಇಟ್ಟುಕೊಂಡರೆ ಬರಬಹುದು. ಪುಟಕ್ಕೆ ಎರಡು ಸಾಲಿನ, ದೊಡ್ಡ ಚಿತ್ರದ ಪುಸ್ತಕಗಳು ನಮ್ಮಲ್ಲಿ ತೀರಾ ಕಡಿಮೆ. ಪಂಚಾಯ್ತಿಗೆ ಕೊಟ್ಟ ಪಟ್ಟಿಯಲ್ಲಿ ಅವನ್ನೇ ಮೊದಲು ಬರೆದಿದ್ದೇನೆ. ಅವು ಬರುವ ತನಕ, ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಎಂಬ ಜಾಲತಾಣದಿಂದ ಕನ್ನಡದ ಕಥೆಗಳನ್ನು ಉಚಿತವಾಗಿ ಇಳಿಸಿಕೊಂಡು, ಪ್ರಿಂಟ್ ತೆಗೆಸಿ ಹೊಲಿಯುತ್ತಿದ್ದೇವೆ.