ಬಜ್ಪೆ ಸೀನರಿ: ಗುಡ್ಡ ಕೊನೆಗೂ ಗುಡ್ಡದ ಹಾಗೆ ಕಾಣ್ತಿದೆ

ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರ್ (ಸಿಮ್) ಎಕ್ಸ್-ಪ್ಲೇನ್ 12ಕ್ಕೆ ನಾನು ಮಾಡುತ್ತಿರುವ ಬಜ್ಪೆಯ ಮಂಗಳೂರು ಏರ್‌ಪೋರ್ಟ್ ಸೀನರಿಯ (ಏರ್‌ಪೋರ್ಟ್ ಮತ್ತು ಸುತ್ತಲ ನೆಲದ ಮಾದರಿ) ಹೊಸ ಆವೃತ್ತಿ ಪರೀಕ್ಷೆಗೆ ತಯಾರಾಗಿದೆ. ಎಂದಿನಂತೆ ಫ್ರೀವೇರ್, ದುಡ್ಡು ಕೊಡಬೇಕಿಲ್ಲ. "ಟರ್ಮಿನಲ್ ಯಾವಾಗ ಮುಗಿಯುತ್ತೆ?" ಅಂತ ಕೇಳುವವರೇ ಜಾಸ್ತಿ. ಸದ್ಯಕ್ಕೆ ಮುಗಿಯುವುದಿಲ್ಲ. ಈ ಸಲದ ಕೆಲಸವೆಲ್ಲ ಮಣ್ಣಿನದ್ದು.

ಬಜ್ಪೆಗೆ ಇಳಿಯುವ ಪೈಲಟ್ ಟರ್ಮಿನಲ್ ಕಡೆ ನೋಡುವುದು ಚಕ್ರ ನೆಲ ಮುಟ್ಟಿ, ವೇಗ ಇಳಿದ ಮೇಲೆ. ಅಲ್ಲಿವರೆಗೂ ಕಣ್ಣಿಗೆ ಬೀಳುವುದು ಗುಡ್ಡ, ಗುಡ್ಡದ ನೆತ್ತಿ ಮೇಲಿನ ರನ್‌ವೇ, ಎರಡೂ ತುದಿಯಲ್ಲಿ ಗಕ್ಕನೆ ಮುಗಿದುಹೋಗುವ ನೆಲ. ಅದು ಸರಿಯಿಲ್ಲದಿದ್ದರೆ ಟರ್ಮಿನಲ್ಲಿನ ಗಾಜನ್ನು ಎಷ್ಟು ಚೆಂದ ಹೊಳೆಸಿದರೂ ಅದು ಬೇರೆ ಯಾವುದೋ ಊರಾಗುತ್ತದೆ. ಒಳಗಿನ ಚೆಕ್-ಇನ್ ಕೌಂಟರ್, ಕುರ್ಚಿ, ಟ್ರಾಲಿ ಎಲ್ಲ ಮಾಡಿ ಫ್ರೇಮ್ ರೇಟ್ ತಿಂದು ಸಿಮ್ ಕುಂಟುವಂತೆ ಮಾಡುವ ಸೀನರಿಗಳ ಬಗ್ಗೆ ನನಗೆ ಅಷ್ಟೇನೂ ಗೌರವ ಇಲ್ಲ, ನಿಜ ಹೇಳಬೇಕೆಂದರೆ.

ಎತ್ತರದ ಡೇಟಾ ಹಳೆಯದು, ರನ್‌ವೇ ಹೊಸದು

ಸಿಮ್‌ಗಳಲ್ಲಿ ನಮ್ಮ ಕಡೆಯ ನೆಲಕ್ಕೆ ಬಳಸುವ ಉಚಿತ ಎತ್ತರದ ಡೇಟಾ ಬಹುಪಾಲು ಎಸ್‌ಆರ್‌ಟಿಎಂ ಮೂಲದ್ದು. ಎಂಡೆವರ್ ಬಾಹ್ಯಾಕಾಶ ನೌಕೆ 2000ದ ಫೆಬ್ರುವರಿಯಲ್ಲಿ ರೇಡಾರ್ ಹಿಡಿದು ಭೂಮಿಯನ್ನು ಅಳೆದದ್ದು ಅದು. ಬಜ್ಪೆಯ ಈಗಿನ ಮುಖ್ಯ ರನ್‌ವೇ 06/24 ಬಳಕೆಗೆ ಬಂದದ್ದು 2006ರಲ್ಲಿ. ಅಂದರೆ ಅಳತೆ ತೆಗೆದಾಗ ಈ ರನ್‌ವೇ ಇರಲೇ ಇಲ್ಲ! ಗುಡ್ಡ ಕಡಿದು, ತಗ್ಗು ತುಂಬಿಸಿ 2450 ಮೀಟರ್ ಸಪಾಟು ಮಾಡಿದ್ದು ಆ ಡೇಟಾಕ್ಕೆ ಗೊತ್ತಿಲ್ಲ. ಹಾಗಾಗಿ ರನ್‌ವೇ ಇರಬೇಕಾದಲ್ಲಿ ಉಬ್ಬು ತಗ್ಗು, ಅಂಚು ಇರಬೇಕಾದಲ್ಲಿ ಬಿಸಿಲಿಗಿಟ್ಟ ಬೆಲ್ಲದ ಅಚ್ಚಿನಂತೆ ಕರಗಿದ ಇಳಿಜಾರು.

ಏರ್‌ಪೋರ್ಟ್ ಜೋಡಿಸುವ ತಂತ್ರಾಂಶ ವರ್ಲ್ಡ್ ಎಡಿಟರ್‌ನಲ್ಲಿ ಇದಕ್ಕೊಂದು ಸುಲಭದ ದಾರಿ ಇದೆ. 'ಆಲ್ವೇಸ್ ಫ್ಲಾಟನ್' ಅಂತ ಒಂದು ಟಿಕ್ ಹಾಕಿದರೆ ಏರ್‌ಪೋರ್ಟ್ ಬೌಂಡರಿಯ ಒಳಗಿನ ನೆಲವೆಲ್ಲ ಒಂದೇ ಮಟ್ಟಕ್ಕೆ ಬರುತ್ತದೆ. ಬಯಲುಸೀಮೆಯ ಏರ್‌ಪೋರ್ಟ್‌ಗೆ ಇದು ಸಾಕು. ಇಲ್ಲಿ ಹಾಗೆ ಮಾಡಿದರೆ ಬೌಂಡರಿ ಗೆರೆಯ ಉದ್ದಕ್ಕೂ ಗೋಡೆ ಏಳುತ್ತದೆ. ಹಳೆಯ ರನ್‌ವೇ 09/27, ಹೊಸದು, ಎರಡರ ಮಧ್ಯದ ಏರುತಗ್ಗು ಎಲ್ಲ ಒಂದೇ ಹಲಗೆಯ ಮೇಲೆ ಕೂತಂತಾಗುತ್ತದೆ. ಗುಡ್ಡದ ನೆತ್ತಿಯ ಏರ್‌ಪೋರ್ಟ್‌ಗೆ ಇರುವ ಟೇಬಲ್-ಟಾಪ್ ಅನ್ನುವ ಹೆಸರನ್ನು ಅಷ್ಟು ಅಕ್ಷರಶಃ ತಗೋಬಾರದು ಅಲ್ವಾ?

ಅದಕ್ಕೇ ಎಸ್‌ಆರ್‌ಟಿಎಂ ಬಿಟ್ಟು ಯುರೋಪಿನ ಕೋಪರ್ನಿಕಸ್ ಯೋಜನೆಯ, 30 ಮೀಟರ್ ಅಂತರದ ಎತ್ತರದ ಡೇಟಾ ತೆಗೆದುಕೊಂಡೆ. ಅದರ ಮೂಲ ಟಾನ್‌ಡೆಮ್-ಎಕ್ಸ್ ಉಪಗ್ರಹಗಳ 2011ರಿಂದ 2015ರ ಅಳತೆ. ರನ್‌ವೇ ಆಗಲೇ ಇತ್ತು, ಡೇಟಾದಲ್ಲೂ ಇದೆ. ಉಪಗ್ರಹ ಚಿತ್ರ ಹೊದಿಸಿ ನೆಲ ಕಟ್ಟುವ ತಂತ್ರಾಂಶ ಆರ್ಥೋ4ಎಕ್ಸ್‌ಪಿಯಲ್ಲಿ ಈ ಡೇಟಾ ಕೊಟ್ಟು +12+074 ಟೈಲನ್ನು (ಬಜ್ಪೆ ಇರುವ ನೆಲದ ಚೌಕ) ಕಟ್ಟಿದ ತಕ್ಷಣ ಗುಡ್ಡಕ್ಕೆ ಒಂದು ಆಕಾರ ಬಂತು. ಒಂದು ತೊಡಕು ಮಾತ್ರ ಉಳಿಯಿತು. ಈ ರೇಡಾರ್ ಮರದ ತಲೆಯನ್ನೂ ನೆಲ ಅಂತಲೇ ಲೆಕ್ಕ ಹಾಕುತ್ತದೆ. ಕಣಿವೆಯ ದಟ್ಟ ಮರಗಳಿರುವಲ್ಲಿ ನೆಲ ಮೇಲೆದ್ದು, ಗುಡ್ಡ ನಿಜಕ್ಕಿಂತ ಗಿಡ್ಡ ಕಾಣುತ್ತದೆ.

ಅಂಚು

ಹೆಚ್ಚು ಹೊತ್ತು ಹಿಡಿದದ್ದು ನೈರುತ್ಯದ ತುದಿ. 24ರಲ್ಲಿ, ಅಂದರೆ ಈಶಾನ್ಯದ ಕಡೆಯಿಂದ ಇಳಿದ ವಿಮಾನ ಓಡಿ ನಿಲ್ಲಬೇಕಾದ ಕಡೆ. ನಕ್ಷೆ ತಿದ್ದುವ ತಂತ್ರಾಂಶ ಜೆಓಎಸ್‌ಎಂ ತೆರೆದು ಪ್ಯಾಚ್ ಫೈಲ್ (ನೆಲದ ಎತ್ತರ ತಿದ್ದುವ ಫೈಲ್) ಬರೆಯುವ ಕೆಲಸ ಇದು: ಗೆರೆ ಎಳೆದು ಅದಕ್ಕೆ ಎತ್ತರ ಕೊಡುವುದು, ಪಕ್ಕದಲ್ಲಿ ಇನ್ನೊಂದು ಗೆರೆ, ಅದಕ್ಕೆ ಬೇರೆ ಎತ್ತರ. ರನ್‌ವೇ ತುದಿಗಳ ಎತ್ತರ ಅಧಿಕೃತ ವಿಮಾನಯಾನ ಮಾಹಿತಿ ಪ್ರಕಟಣೆ ಎಐಪಿಯ ಚಾರ್ಟ್‌ಗಳಲ್ಲಿ ಎಲ್ಲರಿಗೂ ಸಿಗುತ್ತದೆ. ತುದಿಯಿಂದಾಚೆ ಸ್ಟ್ರಿಪ್ (ರನ್‌ವೇ ಸುತ್ತಲಿನ ಸಪಾಟು ನೆಲ), ಸುರಕ್ಷತಾ ಪ್ರದೇಶ, ಆಮೇಲೆ ಮೊದಲ ಇಳಿತ, ಅಡ್ಡಲಾಗಿ ಹೋಗುವ ಪೆರಿಮೀಟರ್ ರಸ್ತೆ, ಮತ್ತೆ ಇಳಿತ, ಕಾಡು. ಒಂದೊಂದಕ್ಕೂ ಒಂದೊಂದು ಗೆರೆ. ಗೆರೆಗಳು ತೀರಾ ಹತ್ತಿರ ಬಂದರೆ ನೆಲವನ್ನು ಕಟ್ಟುವ ತ್ರಿಕೋನಗಳ ಜಾಲದಲ್ಲಿ (ಮೆಶ್) ಸೂಜಿಯಂಥ ತ್ರಿಕೋನಗಳು ಏಳುತ್ತವೆ. ದೂರ ಹೋದರೆ ಮತ್ತೆ ಅದೇ ಕರಗಿದ ಇಳಿಜಾರು.

2010ರ ಮೇ 22ರಂದು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ರನ್‌ವೇ ದಾಟಿ ಹೋದದ್ದು ಇದೇ ತುದಿಯಿಂದ. ರೆಕ್ಕೆ, ರನ್‌ವೇಯ ನೇರ ತೋರಿಸುವ ಲೋಕಲೈಜರ್ ಆಂಟೆನಾದ ಕಾಂಕ್ರೀಟ್ ಕಟ್ಟೆಗೆ ಬಡಿದು ವಿಮಾನ ಕಣಿವೆಗೆ ಬಿತ್ತು. 158 ಜನ ಹೋದರು, 8 ಜನ ಉಳಿದರು. ಆ ದಿನದ ಏರ್‌ಪೋರ್ಟ್ ಮಾಡಿಕೊಡಿ ಎಂದು ಕೇಳಿದವರಿದ್ದಾರೆ. ಅದನ್ನು ಮಾಡುವುದಿಲ್ಲ. ಆ ಅಂಚು ಎಷ್ಟು ಹತ್ತಿರ, ಎಷ್ಟು ಆಳ ಅನ್ನುವುದು ಕಾಕ್‌ಪಿಟ್‌ನಿಂದ ಗೊತ್ತಾಗಬೇಕು, ಅಷ್ಟೇ. ಈಗ ಗೊತ್ತಾಗುತ್ತದೆ. ಸಿಮ್‌ನ ಬೋಯಿಂಗ್ ಮಾದರಿ ಜೀಬೋ 737ರಲ್ಲಿ, ಒದ್ದೆ ರನ್‌ವೇಯಲ್ಲಿ ಚಕ್ರ ಊರಬೇಕಾದಲ್ಲಿಗಿಂತ ಸ್ವಲ್ಪ ಮುಂದೆ ಊರಿ ನೋಡಿ. ಬ್ರೇಕ್ ಮೇಲಿನ ಕಾಲು ತಾನಾಗಿಯೇ ಬಿಗಿಯುತ್ತದೆ.

ಟಾರು, ದೀಪ, ಅಡಿಕೆ ತೋಟ

06/24 ಮೊದಲಿಗೆ ಕಾಂಕ್ರೀಟ್ ರನ್‌ವೇ. 2023ರಲ್ಲಿ ಅದರ ಮೇಲೆ ಡಾಂಬರು ಹಾಸಿದರು, ಮಧ್ಯದ ಗೆರೆಗೆ ದೀಪಗಳೂ ಬಂದವು. ಹಾಗಾಗಿ ಹಳೆಯ ಉಪಗ್ರಹ ಚಿತ್ರದಲ್ಲಿ ಬೂದು, ಈಗಿನದರಲ್ಲಿ ಕಪ್ಪು. ನಾನು ಈಗಿನದನ್ನೇ ಹಿಡಿದಿದ್ದೇನೆ. ವರ್ಲ್ಡ್ ಎಡಿಟರ್‌ನಲ್ಲಿ ಇವೆರಡೂ ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುವ ಕೆಲಸ. ಏರೋಬ್ರಿಡ್ಜ್ ಕೂಡ ಹಾಗೆಯೇ, ಎಕ್ಸ್-ಪ್ಲೇನ್ 12ರಲ್ಲಿ ಬೇರೆ ಪ್ಲಗಿನ್ ಇಲ್ಲದೆ ಬಾಗಿಲಿಗೆ ಬಂದು ಕೂರುತ್ತದೆ.

ಗಿಡಮರ ಹಾಗಲ್ಲ. ತೆಂಗನ್ನು ಅಲ್ಲೊಂದು ಇಲ್ಲೊಂದು ಚೆಲ್ಲಿದರೂ ನಡೆಯುತ್ತದೆ. ಅಡಿಕೆ ಮಾತ್ರ ಸಾಲಿನಲ್ಲೇ ನಿಲ್ಲಬೇಕು, ತಗ್ಗಿನಲ್ಲೇ ಇರಬೇಕು. ಗುಡ್ಡದ ಮೇಲೆ ಅಡಿಕೆ ತೋಟ ಕಂಡರೆ ನಮ್ಮ ಕಡೆಯವರು ನಕ್ಕುಬಿಡುತ್ತಾರೆ. ಅದಕ್ಕೆಂದೇ ಸಾಲು ಅಂತರ ಕೊಟ್ಟು ಪ್ರತ್ಯೇಕ ಫಾರೆಸ್ಟ್ ಫೈಲ್ ಮಾಡಿದೆ. ಮೇಲೆ ಗೇರು, ಕುರುಚಲು, ಒಣಹುಲ್ಲು. ಗುಡ್ಡ ಕಡಿದ ಜಾಗದಲ್ಲಿ ಮುರಕಲ್ಲಿನ ಕೆಂಪು. ಈ ಕೆಂಪಿಗೆ ನಾಲ್ಕಾರು ಫೋಟೊಗಳಿಂದ ಟೆಕ್ಸ್ಚರ್ ಹೊಲಿದಿದ್ದೇನೆ: ಹೊಸದಾಗಿ ಕಡಿದದ್ದು ಕಿತ್ತಳೆ ಕೆಂಪು, ಒಂದು ಮಳೆಗಾಲ ಕಂಡದ್ದು ಕಪ್ಪು ಹಿಡಿದದ್ದು. ಎರಡನ್ನೂ ಬೆರೆಸಿದ ಮೇಲೆಯೇ ಕಣ್ಣು ಒಪ್ಪಿತು.

ಹಾಕಿಕೊಳ್ಳುವುದು ಹೇಗೆ

ನೆಲಕ್ಕೆ ಹೊದಿಸುವ ಆರ್ಥೋ (ಉಪಗ್ರಹ) ಚಿತ್ರಗಳನ್ನು ನಾನು ಕೊಡುವುದಿಲ್ಲ. ಅವು ನನ್ನವಲ್ಲ, ಹಂಚುವ ಹಕ್ಕೂ ಇಲ್ಲ. ಪ್ಯಾಚ್ ಫೈಲ್ ಕೊಡುತ್ತೇನೆ. ಅದನ್ನು ಆರ್ಥೋ4ಎಕ್ಸ್‌ಪಿಯ ಪ್ಯಾಚಸ್ ಫೋಲ್ಡರ್‌ನಲ್ಲಿ ಹಾಕಿ ಟೈಲ್ ನೀವೇ ಕಟ್ಟಿಕೊಳ್ಳಿ. ಇಡೀ ಗುಡ್ಡದ ಆಕಾರ ಒಂದು ಸಣ್ಣ ಟೆಕ್ಸ್ಟ್ ಫೈಲ್‌ನಲ್ಲಿದೆ. ಯಾವ ಸೀನರಿ ಮೇಲೆ, ಯಾವುದು ಕೆಳಗೆ ಎಂದು ಹೇಳುವ ಸೀನರಿ ಪ್ಯಾಕ್ಸ್ ಪಟ್ಟಿಯಲ್ಲಿ ಏರ್‌ಪೋರ್ಟ್ ಮೇಲೆ, ಆರ್ಥೋ ಟೈಲ್ ಕೆಳಗೆ ಇರಲಿ. ಅದಲುಬದಲಾದರೆ ಏರ್‌ಪೋರ್ಟ್ ಕಾಣುವುದಿಲ್ಲ.

ಇದಲ್ಲದೆ, ಬಳಕೆದಾರರು ಮಾಡಿದ ಏರ್‌ಪೋರ್ಟ್‌ಗಳನ್ನು ಎಕ್ಸ್-ಪ್ಲೇನ್‌ನವರು ಕೂಡಿಸುವ ಸೀನರಿ ಗೇಟ್‌ವೇಗೆಂದೇ ಒಂದು ತೆಳು ಆವೃತ್ತಿ ಇದೆ. ಅಲ್ಲಿ ಎಕ್ಸ್-ಪ್ಲೇನ್ ಜೊತೆಗೇ ಬರುವ ಲೈಬ್ರರಿ ವಸ್ತುಗಳನ್ನಷ್ಟೇ ಬಳಸಬೇಕು, ಸ್ವಂತ ಮಾದರಿ ಸೇರಿಸುವಂತಿಲ್ಲ. ನನ್ನ ಗುಡ್ಡ, ಅಡಿಕೆ, ಮುರಕಲ್ಲು ಯಾವುದೂ ಅದರಲ್ಲಿರುವುದಿಲ್ಲ. ಆದರೂ ಒಪ್ಪಿಗೆಯಾದರೆ ಸಿಮ್ ಅಪ್‌ಡೇಟ್ ಮೂಲಕ ಎಲ್ಲರಿಗೂ ತಲುಪುತ್ತದೆ. ಟ್ಯಾಕ್ಸಿವೇ ಹೆಸರು, ಪಾರ್ಕಿಂಗ್ ಸ್ಥಾನ, ದೀಪ ಸರಿಯಾಗಿದ್ದರೂ ಎಷ್ಟೋ ಆಯಿತು.

ಮುಂದೆ

ಟರ್ಮಿನಲ್ ಹೊರಮೈ 3ಡಿ ಮಾದರಿಯ ತಂತ್ರಾಂಶ ಬ್ಲೆಂಡರ್‌ನಲ್ಲಿ ನಡೆಯುತ್ತಿದೆ, ರಾತ್ರಿಯ ದೀಪದ ಟೆಕ್ಸ್ಚರ್ ಬಾಕಿ. ಅದರ ಜೊತೆಗೇ ಒಂದು ಹಳೆಗಾಲದ ಬಜ್ಪೆ ಮಾಡುವ ಆಸೆ ಹತ್ತಿದೆ. 1951ರ ಡಿಸೆಂಬರ್ 25ರಂದು ನೆಹರು ಡಿಸಿ-3ರಲ್ಲಿ ಬಂದಿಳಿದು ಶುರುವಾದ ಏರ್‌ಪೋರ್ಟ್ ಇದು. 2006ರವರೆಗೂ ದೊಡ್ಡ ವಿಮಾನಗಳಿಗೂ 1615 ಮೀಟರ್‌ನ 09/27 ಒಂದೇ ಗತಿ. 737-200 ಓಡಿಸುವವರಿಗೆ ಒಳ್ಳೆಯ ಪರೀಕ್ಷೆ. ಇದಕ್ಕೆ ನೆಲದ ಕೆಲಸ ಹೆಚ್ಚೇನಿಲ್ಲ. ನಾನು ಪಕ್ಕಕ್ಕಿಟ್ಟ ಎಸ್‌ಆರ್‌ಟಿಎಂ ಡೇಟಾ ಇದೆಯಲ್ಲ, ಅದು ಆ ಕಾಲದ್ದೇ. ಅದನ್ನೇ ಹಾಕಿದರೆ ಕಡಿಯದ ಗುಡ್ಡ ಹಾಗೇ ಸಿಗುತ್ತದೆ.

ಸಿಗದಿರುವುದು ಫೋಟೊ. ಏರ್‌ಪೋರ್ಟ್ ಸುತ್ತ ಡ್ರೋನ್ ಹಾರಿಸುವಂತಿಲ್ಲ, ಸರಿಯೇ. ಕಿಟಕಿ ಪಕ್ಕದ ಸೀಟಿನಿಂದ ತೆಗೆದ ಚಿತ್ರಗಳಿದ್ದರೆ, ಅದರಲ್ಲೂ ಈಶಾನ್ಯದ ತುದಿಯದ್ದು, ಯಾವ ತಿಂಗಳಿನದ್ದು ಅಂತ ಬರೆದು ಕಳಿಸಿ. ಹಳೇ ಬಜ್ಪೆ ಟರ್ಮಿನಲ್‌ನದ್ದಾದರೆ ಮಸುಕಾಗಿದ್ದರೂ ಪರವಾಗಿಲ್ಲ.