ಅಂಧರ ಶಾಲೆಯಿಂದ ಬಂದ ರೆಗ್ಗೆ

ಎರಡು ದಿನದಿಂದ ಟ್ರಿಬೊ ಡಿ ಜಾ ಅನ್ನುವ ರೆಗ್ಗೆ ಬ್ಯಾಂಡನ್ನೇ ಕೇಳುತ್ತಿದ್ದೇನೆ. ರೆಗ್ಗೆ ಅಂದರೆ ಜಮೈಕಾದಲ್ಲಿ ಹುಟ್ಟಿದ ಒಂದು ಸಂಗೀತ ಶೈಲಿ. ಬ್ರೆಜಿಲ್‌ನ ಮರಾನ್ಯಾವ್ ರಾಜ್ಯದ ಸಾವ್ ಲುಯಿಸ್ ಊರಿನವರು. ಅಲ್ಲಿನ ಅಂಧರ ಶಾಲೆಯಲ್ಲಿ ಪರಿಚಯವಾದ ಹುಡುಗರು ಸೇರಿ ಕಟ್ಟಿದ ತಂಡ ಇದು. ಮೊದಮೊದಲು ಊರಿನ ಡ್ಯಾನ್ಸ್ ಪಾರ್ಟಿಗಳಲ್ಲಿ ಬೇರೆಯವರ ಹಾಡು ನುಡಿಸುತ್ತಿದ್ದರು. ಆಮೇಲೆ ರೇಡಿಯೊದಲ್ಲಿ ರೆಗ್ಗೆ ಹಾಕುತ್ತಿದ್ದ ಫೌಜಿ ಬೈಡೂನ್ ಜೊತೆಯಾದರು, ಸ್ವಂತ ಹಾಡುಗಳು ಬಂದವು. 1995ರಲ್ಲಿ ಮೊದಲ ಆಲ್ಬಂ.

ಇವರ ಸಂಗೀತದ ಬೇರು ಜಮೈಕಾದ ರೂಟ್ಸ್ ರೆಗ್ಗೆಯೇ, ಅಲ್ಲಿನ ಪ್ರಸಿದ್ಧ ಗಾಯಕ ಬಾಬ್ ಮಾರ್ಲಿಯ ಕಾಲದ ಶೈಲಿ. ಆದರೆ ನನಗೆ ಜಾಸ್ತಿ ಇಷ್ಟವಾಗಿದ್ದು ಆ ಊರಿನ ಕಥೆ. ಸಾವ್ ಲುಯಿಸ್‌ನಲ್ಲಿ ‘ರಾಡಿಯೋಲಾ’ ಅಂತ ಇವೆ, ಗೋಡೆಯಷ್ಟು ಎತ್ತರಕ್ಕೆ ಪೇರಿಸಿದ ಸ್ಪೀಕರ್‌ಗಳು. ಅದರ ಮುಂದೆ ಜನ ರೆಗ್ಗೆಗೆ ಜೋಡಿಯಾಗಿ, ಒಬ್ಬರನ್ನೊಬ್ಬರು ತಬ್ಬಿಕೊಂಡು ನಿಧಾನವಾಗಿ ಕುಣಿಯುತ್ತಾರೆ. ಹಾಡು ಜಮೈಕಾದ್ದು, ಅದರ ಭಾಷೆ ಎಷ್ಟೋ ಜನಕ್ಕೆ ಗೊತ್ತಿಲ್ಲ, ಆದರೂ ತಮ್ಮದೇ ಮಾಡಿಕೊಂಡುಬಿಟ್ಟರು! 2018ರಲ್ಲಿ ಅಲ್ಲಿ ರೆಗ್ಗೆಗೇ ಅಂತ ಒಂದು ಮ್ಯೂಸಿಯಂ ಕೂಡ ಶುರುವಾಯಿತು.

ಒಂದು ಸಂಗೀತ ಯಾರದು ಅಂತ ಕೇಳಿದರೆ, ಹುಟ್ಟಿದ ಊರಿನಷ್ಟೇ ಅದನ್ನು ಸಾಕಿದ ಊರಿನದೂ ಹೌದು ಅಲ್ವಾ? ಕೇಳದವರು ಇವತ್ತೇ ಕೇಳಿ. ಬೇಸ್ ಗಿಟಾರ್ ಚೆನ್ನಾಗಿ ಕೇಳಿಸುವ ಹೆಡ್‌ಫೋನ್ ಇರಲಿ.