ಭುಜ ನೋಯ್ತಿದೆ ಅಂದಳು

ಮಾರ್ಚ್ 14, 2024, ಗುರುವಾರ, ರಾತ್ರಿ 11.40

ಕಾಲು ಸೋತುಹೋಗಿದೆ. ಆದರೂ ಇದನ್ನು ಬರೆಯದೆ ಮಲಗಿದರೆ ನಿದ್ದೆ ಬರುವುದಿಲ್ಲ.

ಒಪಿಡಿ ಮುಗಿಸಿ ಏಳುವ ಹೊತ್ತಿಗೆ ಒಬ್ಬಳು ಬಂದಳು. ನಡೆದುಕೊಂಡೇ ಬಂದಳು. ಮುಟ್ಟು ತಪ್ಪಿ ಮೂರು ವಾರ. ಮನೆಯಲ್ಲೇ ಟೆಸ್ಟ್ ಮಾಡಿ ಎರಡು ಗೆರೆ ನೋಡಿದ್ದಾಳೆ. ಸ್ಕ್ಯಾನ್ ಇನ್ನೂ ಆಗಿಲ್ಲ. ಮೂರು ದಿನದಿಂದ ಒಂಚೂರು ರಕ್ತದ ಕಲೆ, ಬೆಳಿಗ್ಗೆಯಿಂದ ಹೊಟ್ಟೆನೋವು. "ಗ್ಯಾಸ್ ಇರಬೇಕು ಅಂದ್ಕೊಂಡೆ ಮೇಡಂ" ಅಂದಳು. ಮಾತಾಡುವಾಗೆಲ್ಲ ಎಡಗೈಯಿಂದ ಬಲಭುಜದ ತುದಿಯನ್ನು ಒತ್ತಿಕೊಳ್ಳುತ್ತಲೇ ಇದ್ದಳು.

"ಅಲ್ಲೇನಾಯ್ತು?"

"ಏನಿಲ್ಲ, ಭುಜ ನೋಯ್ತಿದೆ. ರಾತ್ರಿ ಸರಿಯಾಗಿ ಮಲಗಿಲ್ಲ ಅನ್ಸುತ್ತೆ. ಮಲಗಿದ್ರೆ ಇನ್ನೂ ಜಾಸ್ತಿ ಆಗುತ್ತೆ."

ನನಗೆ ಅಷ್ಟು ಸಾಕಾಯ್ತು. ಹೊಟ್ಟೆಯೊಳಗೆ ರಕ್ತ ಸೋರಿದರೆ, ಮಲಗಿದಾಗ ಅದು ಮೇಲಕ್ಕೆ ಹರಿದು ಎದೆಗೂ ಹೊಟ್ಟೆಗೂ ನಡುವಿನ ಪರದೆ ವಪೆಯ ಕೆಳಗೆ ನಿಲ್ಲುತ್ತದೆ. ವಪೆಗೆ ಹೋಗುವ ನರ ಹುಟ್ಟುವುದು ಕತ್ತಿನಲ್ಲಿ, ಭುಜದ ಚರ್ಮದ ನರಗಳು ಹುಟ್ಟುವ ಜಾಗದಲ್ಲೇ. ಹಾಗಾಗಿ ಹೊಟ್ಟೆಯ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ. ಭುಜ ನೋಯುತ್ತದೆ ಅಂತ ಹೆರಿಗೆ ಡಾಕ್ಟರ ಹತ್ತಿರ ಯಾರು ಹೇಳುತ್ತಾರೆ? ಕೇಳದಿದ್ದರೆ ಇವಳೂ ಹೇಳುತ್ತಿರಲಿಲ್ಲ.

ನಾಡಿ 116. ಬಿಪಿ 110/70. ಬಿಪಿ ನೋಡಿ ಸಮಾಧಾನ ಪಟ್ಟುಕೊಳ್ಳುವ ಹಾಗಿಲ್ಲ. ಎಳೆ ವಯಸ್ಸಿನ ದೇಹ ತುಂಬಾ ಹೊತ್ತು ತಡೆದುಕೊಳ್ಳುತ್ತದೆ, ಆಮೇಲೆ ಒಂದೇ ಸಲ ಕುಸಿಯುತ್ತದೆ. ಜೂನಿಯರ್‌ಗಳಿಗೆ ನಾನು ಹೇಳುವುದೂ ಅದನ್ನೇ, ಮೊದಲು ನಾಡಿ ನೋಡಿ ಅಂತ.

ಸ್ಕ್ಯಾನ್‌ನಲ್ಲಿ ಗರ್ಭಕೋಶ ಖಾಲಿ. ಅದರ ಹಿಂದಿನ ಕುಳಿಯಲ್ಲಿ ರಕ್ತ. ಬಲ ಅಂಡಾಶಯದ ಪಕ್ಕದಲ್ಲಿ ಒಂದು ದಪ್ಪ ಬಿಳಿ ಉಂಗುರ. ಉಂಗುರದೊಳಗೆ ಅಕ್ಕಿಕಾಳಿನಷ್ಟು ಏನೋ, ಅದರ ನಡುವೆ ಮಿಣಮಿಣ ಮಿಡಿತ.

ಅದನ್ನು ನೋಡಿದಾಗ ಪ್ರತಿಸಲ ನನ್ನ ಕೈ ಒಂದು ಕ್ಷಣ ನಿಂತುಬಿಡುತ್ತದೆ. ಬೇರೆ ದಿನಗಳಲ್ಲಿ ಅದೇ ಮಿಡಿತ ತೋರಿಸಿ "ನೋಡಿ, ಇಲ್ಲಿದೆ" ಅಂತ ನಗುವವಳು ನಾನೇ ಅಲ್ವಾ?

"ಮಗು ಗರ್ಭಕೋಶದಲ್ಲಿಲ್ಲ, ಅಂಡಾಶಯದಿಂದ ಅಲ್ಲಿಗೆ ಹೋಗುವ ಟ್ಯೂಬ್‌ನಲ್ಲಿ ನಿಂತಿದೆ" ಅಂದೆ. "ಟ್ಯೂಬ್ ಒಡೆದು ಒಳಗೆ ರಕ್ತ ಸೋರ್ತಿದೆ. ಈಗಲೇ ಆಪರೇಷನ್ ಆಗಬೇಕು."

ಸ್ವಲ್ಪ ಹೊತ್ತು ಮೇಲೆ ನೋಡುತ್ತಾ ಮಲಗಿದ್ದಳು. ಆಮೇಲೆ ಕೇಳಿದಳು, "ಅಲ್ಲಿಂದ ತೆಗೆದು ಗರ್ಭಕೋಶದಲ್ಲಿ ಇಡೋಕೆ ಆಗಲ್ವಾ ಮೇಡಂ?"

ಎಷ್ಟು ಜನ ಕೇಳಿದ್ದಾರೆ ಈ ಪ್ರಶ್ನೆ. ಕೇಳಬೇಕಾದ ಪ್ರಶ್ನೆಯೇ ಅದು. ಆಗಲ್ಲ. ಬೇರು ಬಿಟ್ಟ ಜಾಗದಿಂದ ಬಿಡಿಸಿದರೆ ಅದು ಬದುಕುವುದಿಲ್ಲ, ಮತ್ತೆ ನೆಡುವ ದಾರಿ ಇವತ್ತಿಗೂ ಯಾರ ಕೈಲೂ ಇಲ್ಲ. ಹಾಗಂತಲೇ ಹೇಳಿದೆ. ಬಿಟ್ಟರೂ ಅದು ಉಳಿಯಲ್ಲ, ನೀವೂ ಉಳಿಯಲ್ಲ ಅಂದೆ. ಗಟ್ಟಿಯಾಗಿ ಹೇಳಿದೆನೇನೋ. ಸಮಯ ಇರಲಿಲ್ಲ.

ಲ್ಯಾಪರೋಸ್ಕೋಪಿಯಲ್ಲೇ ಮಾಡಿದೆವು. ಕ್ಯಾಮೆರಾ ಒಳಗೆ ಹೋದಾಗ ಮೊದಲು ಕೆಂಪು ಬಿಟ್ಟು ಬೇರೇನೂ ಕಾಣಲಿಲ್ಲ. ಹೀರಿ ತೆಗೆದ ಮೇಲೆ ಟ್ಯೂಬ್ ಕಂಡಿತು. ಊದಿಕೊಂಡು ಕಡುನೇರಳೆ ಬಣ್ಣಕ್ಕೆ ತಿರುಗಿತ್ತು. ಒಂದು ಕಡೆ ಬಿರಿದಿತ್ತು, ಆ ಬಿರುಕಿನಿಂದ ರಕ್ತ ತೊಟ್ಟಿಕ್ಕುತ್ತಲೇ ಇತ್ತು. ಜಾರ್‌ನಲ್ಲಿ 900 ಎಂಎಲ್. ಎಡಗಡೆಯ ಟ್ಯೂಬ್ ಚೆನ್ನಾಗಿದೆ, ಹಾಗಾಗಿ ಬಲಗಡೆಯದನ್ನು ಪೂರ್ತಿ ತೆಗೆದೆ. ಸೀಳಿ, ಗರ್ಭವನ್ನಷ್ಟೇ ತೆಗೆದು ಟ್ಯೂಬ್ ಉಳಿಸುವುದೂ ಉಂಟು. ಆದರೆ ಇದು ಬಿರಿದುಹೋಗಿತ್ತು. ಉಳಿಸಿದರೂ ಚೂರುಪಾರು ಒಳಗೇ ಉಳಿದು ಮತ್ತೆ ಬೆಳೆಯುವ ಭಯ.

ರಕ್ತ ಹರಿಯುವ ಕಡೆ ಹಿಡಿದು ಸುಡುವಾಗ ಲಾಸನ್ ಟೇಟ್ ನೆನಪಾದರು. ಬರ್ಮಿಂಗ್‌ಹ್ಯಾಮ್‌ನ ಸರ್ಜನ್. 1881ರಲ್ಲಿ ಹೀಗೇ ಟ್ಯೂಬ್ ಒಡೆದ ಹೆಂಗಸಿಗೆ ಆಪರೇಷನ್ ಮಾಡಿ ಅಂತ ಇನ್ನೊಬ್ಬ ಡಾಕ್ಟರು ಕೇಳಿಕೊಂಡರೂ ಅವರು ಒಪ್ಪಲಿಲ್ಲ. ಆಕೆ ಸತ್ತಳು. 1883ರಲ್ಲಿ ಧೈರ್ಯ ಮಾಡಿ ಒಬ್ಬಳ ಹೊಟ್ಟೆ ತೆರೆದರು, ಅವಳೂ ಉಳಿಯಲಿಲ್ಲ. ಆಮೇಲೆ ಅವರಿಗೆ ಹೊಳೆದದ್ದು ಇದು: ಅಂಟಿಕೊಂಡದ್ದನ್ನು ಬಿಡಿಸುತ್ತಾ ಕೂರಬಾರದು, ಮೊದಲು ರಕ್ತದ ದಾರಿ ಕಟ್ಟಬೇಕು. ಅಲ್ಲಿಂದ ಹೆಂಗಸರು ಬದುಕತೊಡಗಿದರು. ಇವತ್ತು ನಾವು ಮಾಡಿದ್ದೂ ಅದನ್ನೇ. ಆ ಮೊದಲ ಇಬ್ಬರ ಬಗ್ಗೆ ನಾನು ತುಂಬಾ ಯೋಚಿಸುತ್ತೇನೆ.

ಸಂಜೆ ವಾರ್ಡಿಗೆ ಹೋದೆ. ನಾಡಿ 84ಕ್ಕೆ ಇಳಿದಿತ್ತು. ಗಂಡ ಬಾಗಿಲ ಹೊರಗೇ ತಡೆದು ಮೆಲ್ಲಗೆ ಕೇಳಿದರು, "ಗಾಡಿಯಲ್ಲಿ ಓಡಾಡಿದ್ದಕ್ಕೆ ಹೀಗಾಯ್ತಾ?" ಇಲ್ಲ ಅಂದೆ. ಅವರನ್ನು ಕರೆದುಕೊಂಡು ಒಳಗೆ ಹೋಗಿ, ಅವಳಿಗೂ ಕೇಳುವ ಹಾಗೆ ಇನ್ನೊಮ್ಮೆ ಇಲ್ಲ ಅಂದೆ. ಗಾಡಿಯಿಂದಲ್ಲ, ಭಾರ ಎತ್ತಿದ್ದರಿಂದಲ್ಲ, ಮೆಟ್ಟಿಲು ಹತ್ತಿದ್ದರಿಂದಲ್ಲ. ಹಿಂದೆ ಸೋಂಕು ಆಗಿದ್ದರೆ, ಟ್ಯೂಬ್‌ಗೆ ಆಪರೇಷನ್ ಆಗಿದ್ದರೆ, ಸಿಗರೇಟು ಸೇದುತ್ತಿದ್ದರೆ ಇದರ ಸಾಧ್ಯತೆ ಜಾಸ್ತಿ. ಹೀಗಾದವರಲ್ಲಿ ಸುಮಾರು ಅರ್ಧ ಜನಕ್ಕೆ ಅಂಥ ಯಾವ ಕಾರಣವೂ ಸಿಗುವುದಿಲ್ಲ. ಅವಳಿಗೂ ಸಿಗಲಿಲ್ಲ.

ಅವಳು ಗೋಡೆ ಕಡೆ ತಿರುಗಿ ಮಲಗಿದ್ದಳು. "ಮುಂದೆ ಆಗುತ್ತಾ?" ಅಂದಳು. ಒಂದು ಟ್ಯೂಬ್ ಇದ್ದರೂ ಗರ್ಭ ನಿಲ್ಲುತ್ತದೆ, ಬಲಗಡೆ ಬಿಡುಗಡೆಯಾದ ಮೊಟ್ಟೆಯನ್ನು ಎಡಗಡೆಯ ಟ್ಯೂಬ್ ಎತ್ತಿಕೊಳ್ಳುವುದೂ ಉಂಟು ಅಂದೆ. ಮುಂದಿನ ಸಲ ಮುಟ್ಟು ತಪ್ಪಿದ ಕೂಡಲೇ ಬರಬೇಕು, ಬೇಗ ಸ್ಕ್ಯಾನ್ ಮಾಡಲೇಬೇಕು ಅಂತಲೂ ಹೇಳಿದೆ. ತಲೆ ಆಡಿಸಿದಳು. ಆ ಮಿಡಿತ ಅವಳೂ ನೋಡಿದ್ದಳಾ? ಸ್ಕ್ರೀನ್ ನನ್ನ ಕಡೆಗಿತ್ತು ಅಂತ ನನ್ನ ನೆನಪು.

ಈಗ ತಲೆಯಲ್ಲಿ ಕೂತಿರುವುದು ಇನ್ನೊಬ್ಬಳು. ನಿನ್ನೆ ಬೆಳಿಗ್ಗೆ ಬಂದವಳು. ಸ್ಕ್ಯಾನ್‌ನಲ್ಲಿ ಗರ್ಭಕೋಶದಲ್ಲೂ ಏನಿಲ್ಲ, ಟ್ಯೂಬ್‌ನಲ್ಲೂ ಏನಿಲ್ಲ. ಗರ್ಭ ನಿಂತಾಗ ರಕ್ತದಲ್ಲಿ ಏರುವ ಹಾರ್ಮೋನು, ಬೀಟಾ ಎಚ್‌ಸಿಜಿ, 1140. ಇನ್ನೂ ತೀರಾ ಎಳೆಯದು ಇರಬಹುದು, ಅಲ್ಲದಿರಬಹುದು. 48 ಗಂಟೆ ಕಾಯಬೇಕು. ನಾಳೆ 1700 ದಾಟಿದ್ದರೆ ಸ್ವಲ್ಪ ಉಸಿರಾಡಬಹುದು. ಅಲ್ಲೇ ತೆವಳುತ್ತಿದ್ದರೆ ಟ್ಯೂಬ್‌ನ ಅನುಮಾನ ಬಲವಾಗುತ್ತದೆ. ಇಷ್ಟು ಬೇಗ ಗೊತ್ತಾದರೆ, ಗರ್ಭ ಬೆಳೆಯದಂತೆ ತಡೆಯುವ ಮೆಥೊಟ್ರೆಕ್ಸೇಟ್ ಇಂಜೆಕ್ಷನ್‌ನಲ್ಲೇ ಮುಗಿಯಬಹುದು, ಆಪರೇಷನ್ ಬೇಕಾಗದೆ ಇರಬಹುದು.

ಹತ್ತು ಗಂಟೆಗೆ ತಡೆಯಲಾರದೆ ಫೋನ್ ಮಾಡಿದೆ. ಹೊಟ್ಟೆನೋವಿಲ್ಲ, ಊಟ ಆಯ್ತು ಅಂದಳು.

"ಭುಜ ನೋಯ್ತಿದೆಯಾ?"

"ಭುಜಾನಾ? ಇಲ್ಲ ಮೇಡಂ. ಯಾಕೆ?"

ನೋವು ಬಂದರೆ, ತಲೆ ಸುತ್ತಿದರೆ, ಎಷ್ಟು ಹೊತ್ತಾಗಿದ್ದರೂ ಹೊರಟು ಬನ್ನಿ ಅಂದೆ. ಹೂಂ ಅಂದಳು. ಫೋನ್ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ. ರಿಪೋರ್ಟ್ ಬರುವುದು ಹನ್ನೊಂದಕ್ಕೆ, ಅಷ್ಟರೊಳಗೆ